ಪುಡಿ ಹಾಕದ ಶನಿವಾರ

ಊರಿಗೆಲ್ಲ ನೀರು ಬಿಡುವವನ ಮನೆಯಲ್ಲೇ ನೀರಿಲ್ಲದೆ ಹೋಯಿತು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಆ ಶುಕ್ರವಾರ ಸಂಜೆ ನೀರುಗಂಟಿಯ ಮನೆಯಲ್ಲಿ ಆದದ್ದು ಅದೇ. ಹಂಡೆಯಲ್ಲಿ ನೀರಿತ್ತು, ಕೊಡದಲ್ಲಿ ನೀರಿತ್ತು, ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ಒಂದಿಷ್ಟು ನಿಂತೂ ಇತ್ತು. ಇಲ್ಲದೆ ಹೋದದ್ದು ಮೀನಿಗೆ ಹಾಕುವ ನೀರು.

ಇದನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನೀರುಗಂಟಿ ಆ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಪಂಪು ಓಡಿ ಟ್ಯಾಂಕು ತುಂಬಿದ ಮೇಲೆ ಬೆಳಗಿನ ಜಾವ ಅವನು ಹೋಗಬೇಕು. ಬ್ಲೀಚಿಂಗ್ ಪುಡಿಯನ್ನು ಒಂದು ಡಬ್ಬಿ ಅಳೆದು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಹೊತ್ತುಕೊಂಡು ಅರವತ್ತೆರಡು ಮೆಟ್ಟಿಲೇರಿ ಟ್ಯಾಂಕಿನ ಬಾಯಿಗೆ ಸುರಿಯಬೇಕು. ಆರು ಗಂಟೆಗೆ ಮೇಲಿನ ಬೀದಿಯ ವಾಲ್ವು, ಸಂಜೆ ನಾಲ್ಕಕ್ಕೆ ಕೆಳಗಿನ ಬೀದಿಯ ವಾಲ್ವು. ಪುಡಿಯ ವಾಸನೆ ಅವನ ಉಗುರಿಗೆ, ಅಂಗಿಗೆ, ಊಟಕ್ಕೆ ಕೂತರೆ ತಟ್ಟೆಗೂ ಹತ್ತಿತ್ತು. ಅವನು ಬಂದು ಬೆಂಚಿನ ಮೇಲೆ ಕೂತರೆ ಸೊಳ್ಳೆಗಳು ಎದ್ದು ಜಾಗ ಬಿಟ್ಟುಕೊಡುತ್ತವೆ ಎಂದು ಚಹಾ ಅಂಗಡಿಯವನು ಹೇಳುತ್ತಿದ್ದ.

ಇಂಥವನಿಗೆ ಹವ್ಯಾಸವೆಂದು ಹತ್ತಿಕೊಂಡದ್ದು ಯಾವುದು? ಪಾರಿವಾಳ ಸಾಕಬಹುದಿತ್ತು. ಹೂವಿನ ಗಿಡ ಬೆಳೆಸಬಹುದಿತ್ತು. ಹಾಗಾಗಲಿಲ್ಲ. ಪುಡಿಯ ನೀರು ಸೋಕಿದರೆ ಕಿವಿರು ಸುಟ್ಟುಕೊಂಡು ಸಾಯುವ ಬಣ್ಣದ ಮೀನಿನ ಮೇಲೆಯೇ ಅವನಿಗೆ ಮನಸ್ಸಾಯಿತು. ಕಟುಕನಿಗೆ ಕುರಿಮರಿಯ ಮೇಲೆ ಅಕ್ಕರೆ ಹುಟ್ಟಿದ ಹಾಗೆ. ಆದರೆ ಅದಕ್ಕೆ ದಾರಿಯೂ ಅವನಿಗೆ ಗೊತ್ತಿತ್ತು. ಹಿತ್ತಲಲ್ಲಿ ಒಂದು ನೀಲಿ ಡ್ರಮ್ಮು. ನಲ್ಲಿ ನೀರನ್ನು ಅದಕ್ಕೆ ತುಂಬಿ, ಬಾಯಿ ತೆರೆದು, ಎರಡು ದಿನ ಬಿಸಿಲಿಗೆ ಬಿಟ್ಟರೆ ವಾಸನೆ ಹಾರಿಹೋಗುತ್ತದೆ. ಆಮೇಲೆ ಆ ನೀರು ಮೀನಿಗೆ. ಊರಿನ ನೀರಿಗೆ ಪುಡಿ ಹಾಕುವುದು, ಮನೆಯ ನೀರಿನಿಂದ ಅದನ್ನು ತೆಗೆಯುವುದು. ಹೀಗೆ ಅವನ ಸಂಸಾರ ನಡೆದುಕೊಂಡು ಬಂದಿತ್ತು.

ಅಡುಗೆಮನೆಯ ಬಾಗಿಲ ಪಕ್ಕದ ಮೇಜಿನ ಮೇಲೆ ಗಾಜಿನ ತೊಟ್ಟಿ. ಅದರಲ್ಲಿ ಆರು ಚಿಕ್ಕ ಮೀನು, ಮತ್ತು ಮುದುಕಿ. ಮುದುಕಿ ಎಂದರೆ ಏಳು ವರ್ಷದ ಬಂಗಾರದ ಬಣ್ಣದ ಮೀನು. ಬಣ್ಣ ಈಗ ಮಾಸಿ, ಹಳೆಯ ಹಿತ್ತಾಳೆಯಂತಾಗಿತ್ತು. ಒಂದು ಕಡೆಯ ಈಜುರೆಕ್ಕೆ ಹರಿದು, ಈಜುವಾಗ ಸೊಂಟ ಹಿಡಿದವರಂತೆ ವಾಲುತ್ತಿತ್ತು. ಮೀನು ತಂದವನು ನೀರುಗಂಟಿ, ತೊಟ್ಟಿ ತೊಳೆಯುವವನು ನೀರುಗಂಟಿ, ಆದರೆ ಮುದುಕಿ ಅವನ ಹೆಂಡತಿಯದು. ಅವಳು ತರಕಾರಿ ಹೆಚ್ಚಲು ಕೂತರೆ ಮುದುಕಿ ಗಾಜಿನ ಆ ಮೂಲೆಗೆ ಬಂದು ನಿಲ್ಲುತ್ತಿತ್ತು. ಅವಳು ಬೆರಳಿಟ್ಟರೆ ಬಾಯಿ ತೆರೆಯುತ್ತಿತ್ತು. ಬೀದಿಯ ಸುದ್ದಿಗಳಲ್ಲಿ ನೀರುಗಂಟಿಗೆ ಗೊತ್ತಿಲ್ಲದ ಅರ್ಧದಷ್ಟು ಮುದುಕಿಗೆ ಗೊತ್ತಿತ್ತು. ಗಂಡನ ಮೇಲಿನ ದೂರುಗಳಂತೂ ಪೂರ್ತಿ ಗೊತ್ತಿದ್ದವು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ಅವನಿಗೊಬ್ಬ ಷಡ್ಡಕನಿದ್ದ. ಹೆಂಡತಿಯ ಅಕ್ಕನ ಗಂಡ, ಪಕ್ಕದ ಪೇಟೆಯಲ್ಲಿ ಕುರ್ಚಿ ಮಂಚದ ಅಂಗಡಿ ಇಟ್ಟವನು. ಎರಡು ತಿಂಗಳ ಹಿಂದೆ ಅವನೂ ತನ್ನ ಮನೆಯ ನಡುಮನೆಯಲ್ಲಿ ಐದಡಿ ಉದ್ದದ ಗಾಜಿನ ಪೆಟ್ಟಿಗೆ ಇಡಿಸಿದ್ದ. ಅದರಲ್ಲಿ ದೀಪ, ಗುಳ್ಳೆ ಬಿಡುವ ಯಂತ್ರ, ಮುಳುಗಿದ ಹಡಗಿನ ಗೊಂಬೆ ಎಲ್ಲ ಇದ್ದವು. ನೋಡಲು ಹೋದ ನೀರುಗಂಟಿ, "ನಮ್ಮ ಮನೇಲೂ ಒಂದಿದೆ ಭಾವ" ಎಂದಿದ್ದಕ್ಕೆ ಷಡ್ಡಕ ಅವನ ಬೆನ್ನು ತಟ್ಟಿ, "ನಿಮ್ಮದು ತೊಟ್ಟಿ ಕಣಪ್ಪ ತಮ್ಮ, ಇದು ಅಕ್ವೇರಿಯಂ" ಎಂದಿದ್ದ.

ಆ ಷಡ್ಡಕ ಈಗ ಭಾನುವಾರದ ಊಟಕ್ಕೆ ಹೆಂಡತಿಯೊಡನೆ ಬರುವವನಿದ್ದ.

ಶುಕ್ರವಾರ ಸಂಜೆ ನಾಲ್ಕರ ವಾಲ್ವು ತಿರುಗಿಸಿದವನೇ ನೀರುಗಂಟಿ ಬಣ್ಣದ ಮೀನಿನ ಅಂಗಡಿಗೆ ಹೋದ. ಮೂರಡಿ ಗಾಜಿನ ತೊಟ್ಟಿಯೊಂದನ್ನು ಆರಿಸಿದ. ಮೈಗೆ ನೀಲಿ ಗೆರೆ, ಬಾಲಕ್ಕೆ ಕೆಂಪು ಬಳಿದುಕೊಂಡ ಹನ್ನೆರಡು ಮೀನು ಆರಿಸಿದ. ಒಂದೊಂದೂ ಬೆರಳಿನ ಗೆಣ್ಣಿನಷ್ಟು. ಅಂಗಡಿಯವನು ಅವನ್ನು ಎರಡು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತುಂಬಿ, ರಬ್ಬರು ಬಿಗಿಯುತ್ತ ಹೇಳಿದ, "ಇವನ್ನ ಹಳೇ ಮೀನಿನ ಜೊತೆ ಹದಿನೈದು ದಿನ ಸೇರಿಸಬೇಡಿ. ಹೊಸಬರು ಏನೇನು ಕಾಯಿಲೆ ಹೊತ್ತುಕೊಂಡು ಬಂದಿರ್ತಾರೋ ಯಾರಿಗ್ಗೊತ್ತು."

"ಏಳು ವರ್ಷದಿಂದ ಸಾಕ್ತಾ ಇದ್ದೀನಿ" ಎಂದ ನೀರುಗಂಟಿ.

"ನೀರಿನ ವಾಸನೆ ತೆಗೆಯೋ ಹನಿ ಔಷಧಿ ಬೇಕು ಅಂದ್ರೆ, ಅದು ಖಾಲಿ. ಸೋಮವಾರ ಬರುತ್ತೆ."

"ಅದೆಲ್ಲ ಗೊತ್ತಿಲ್ಲದವರಿಗೆ. ನನ್ನ ಹತ್ರ ಡ್ರಮ್ಮಿದೆ."

ಆಟೋದಲ್ಲಿ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಚೀಲಗಳನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ಮನೆಗೆ ಬಂದ. ಹಿತ್ತಲಿಗೆ ಹೋಗಿ ನೋಡಿದರೆ ಹಗ್ಗದ ಉದ್ದಕ್ಕೂ ಆರು ಕಂಬಳಿ ನೇತಾಡುತ್ತಿದ್ದವು. ಅವುಗಳ ಕೆಳಗೆ ನೀಲಿ ಡ್ರಮ್ಮು ಬೋರಲಾಗಿತ್ತು.

"ಏನೇ ಇದು!" ಎಂದ.

"ಕಂಬಳಿ" ಎಂದಳು ಹೆಂಡತಿ. "ಅಕ್ಕ ಬರ್ತಾಳೆ. ಹೋದ ಸಲ ಬಂದಾಗ ಕಂಬಳಿ ಮೂಸಿ ನೋಡಿ ಮುಖ ಹಿಂಡಿದ್ದು ನೆನಪಿಲ್ವಾ?"

"ಡ್ರಮ್ಮಿನ ನೀರು?"

"ಅದರಲ್ಲೇ ಒಗೆದೆ. ವಾಸನೆ ಇಲ್ಲದ ನೀರು ಮನೇಲಿ ಇನ್ನೆಲ್ಲಿತ್ತು ಹೇಳಿ?"

ಮಾತು ನ್ಯಾಯವಾಗಿತ್ತು. ಅವನು ಚೀಲಗಳನ್ನು ಹಿಡಿದುಕೊಂಡು ಕಂಬಳಿಗಳ ನಡುವೆ ನಿಂತ. ಚೀಲದೊಳಗೆ ಹನ್ನೆರಡು ಮೀನು ಒಂದೇ ಕಡೆ ಮುಖ ಮಾಡಿ ಅವನನ್ನು ನೋಡುತ್ತಿದ್ದವು. ಚೀಲದ ಗಾಳಿ ನಾಳೆಯವರೆಗೆ ಸಾಕು. ಆಮೇಲೆ?

ಪಂಪಿನ ಮನೆಯಲ್ಲಿ ಪುಡಿ ಬೆರೆಯುವ ಮುಂಚಿನ ನೀರು ಹಿಡಿಯಲು ಒಂದು ನಲ್ಲಿ ಇತ್ತು. ಆದರೆ ಆಟೋದವರು ಅಲ್ಲಿ ಗಾಡಿ ತೊಳೆಯುತ್ತಾರೆಂದು ಅರ್ಜಿ ಬರೆದು, ಹೋದ ವರ್ಷ ಅದನ್ನು ಮುಚ್ಚಿಸಿದವನು ಇವನೇ. ಇನ್ನು ಟ್ಯಾಂಕಿನ ಮೇಲಿಂದಲೇ ಕೊಡದಲ್ಲಿ ಎತ್ತಿ ಇಳಿಸಬೇಕು. ಎಂಟು ಕೊಡ, ಅರವತ್ತೆರಡು ಮೆಟ್ಟಿಲು, ಎರಡು ಮಂಡಿ. ಅವನ ಮಂಡಿಗಳು ಖಾಲಿ ಕೈಯಲ್ಲಿ ಇಳಿಯುವಾಗಲೇ ಕಟಕಟ ಎನ್ನುತ್ತಿದ್ದವು. ರಾತ್ರಿ ಊಟ ಮಾಡುತ್ತ ಯೋಚಿಸಿದ. ಕೈ ತೊಳೆಯುವ ಹೊತ್ತಿಗೆ ಅವನಿಗೆ ಒಂದು ಸತ್ಯ ಹೊಳೆಯಿತು: ಎಂಟು ಕೊಡ ಕೆಳಗೆ ಇಳಿಸುವುದಕ್ಕಿಂತ ಒಂದು ಬಕೆಟ್ಟು ಮೇಲೆ ಏರಿಸದಿರುವುದು ಸುಲಭ.

ಒಂದೇ ಒಂದು ಬೆಳಗು. ಇಪ್ಪತ್ತಾರು ವರ್ಷದಲ್ಲಿ ಒಂದು ಬೆಳಗು.

ಶನಿವಾರ ಅವನು ಎಂದಿನಂತೆ ಎದ್ದ, ಎಂದಿನಂತೆ ಹೋದ, ಪುಡಿಯ ಡಬ್ಬಿಯ ಮುಚ್ಚಳ ತೆಗೆದು ಎಂದಿನಂತೆ ಮುಚ್ಚಿದ. ದಾಖಲೆ ಪುಸ್ತಕದಲ್ಲಿ 'ಪುಡಿ: ಒಂದು ಡಬ್ಬಿ' ಎಂದು ಎಂದಿನ ಅಕ್ಷರದಲ್ಲೇ ಬರೆದ. ಆರಕ್ಕೆ ವಾಲ್ವು ತಿರುಗಿಸಿ, ಮನೆಗೆ ಓಡಿ ಬಂದು, ನಲ್ಲಿಗೆ ಪೈಪು ಸಿಕ್ಕಿಸಿ ನೇರವಾಗಿ ಹೊಸ ತೊಟ್ಟಿಗೆ ನೀರು ಬಿಟ್ಟ. ಹೊಸ ನೀರು ಮೀನಿಗೆ ಒಗ್ಗಲೆಂದು ಹಳೆಯ ತೊಟ್ಟಿಯಿಂದ ಎರಡು ಕೊಡ ಅದಕ್ಕೆ ಬೆರೆಸಿದ. ಆಮೇಲೆ ಚೀಲಗಳನ್ನು ನೀರಿನ ಮೇಲೆ ತೇಲಿಬಿಟ್ಟು, ಗಡಿಯಾರ ನೋಡುತ್ತ ಕೂತ. ಇಪ್ಪತ್ತು ನಿಮಿಷ. ಚೀಲದ ಬಾಯಿ ಬಿಚ್ಚಿ ಲೋಟದಲ್ಲಿ ಒಂದಿಷ್ಟು ತೊಟ್ಟಿಯ ನೀರು ಹಾಕಿದ. ಮತ್ತೆ ಹತ್ತು ನಿಮಿಷ, ಮತ್ತೊಂದು ಲೋಟ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗಲೂ ಯಾರೂ ಅಷ್ಟು ತಾಳ್ಮೆ ತೋರಿಸಿರಲಾರರು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಲ್ಲಿ ನೀರನ್ನ ಹಂಗೇ ಬಿಟ್ರಲ್ಲ. ಪುಡಿ ಔಷಧಿ ಇರಲ್ವಾ?"

ಹೇಳಿಬಿಡಬಹುದಿತ್ತು. ಅವಳೇನು ನೀರಿನ ಇಲಾಖೆಯ ಸಾಹೇಬರಲ್ಲ. ಆದರೆ ಹೇಳಿದರೆ ಅವಳು ಅಕ್ಕನಿಗೆ ಹೇಳುತ್ತಾಳೆ, ಅಕ್ಕ ಷಡ್ಡಕನಿಗೆ ಹೇಳುತ್ತಾಳೆ, ಷಡ್ಡಕ ಪೇಟೆಗೆಲ್ಲ ಹೇಳುತ್ತಾನೆ. ನೀರುಗಂಟಿ ಗಂಟಲು ಸರಿಮಾಡಿಕೊಂಡು, "ಬೆಳಗ್ಗೆ ಮೊದಲ ನೀರಲ್ಲಿ ಔಷಧಿ ಇರಲ್ಲ ಕಣೇ. ಭಾರ ಅಲ್ವಾ, ತಳದಲ್ಲಿರುತ್ತೆ. ಆಮೇಲೆ ಬರುತ್ತೆ" ಎಂದ.

"ಹೌದಾ? ಇಷ್ಟು ವರ್ಷ ಹೇಳಲೇ ಇಲ್ಲ!"

"ಇದೆಲ್ಲ ಕೆಲಸ ಮಾಡ್ತಾ ಮಾಡ್ತಾ ತಿಳಿಯೋದು."

ಅವಳ ಮುಖದಲ್ಲಿ ಗಂಡನ ಬಗ್ಗೆ ಒಂದು ಗೌರವ ಕಂಡಿತು. ಅಪರೂಪಕ್ಕೆ ಕಂಡದ್ದು. ನೀರುಗಂಟಿ ಅದನ್ನು ಸಂತೋಷದಿಂದ ಇಟ್ಟುಕೊಂಡ.

"ಮುದುಕಿ ತೊಟ್ಟೀಲಿ ನಾಲ್ಕು ಬೆರಳು ನೀರು ಇಳಿದಿದೆ ನೋಡಿ" ಎಂದಳು.

"ಆಯ್ತು, ಆಮೇಲೆ ನೋಡೋಣ" ಎಂದು ಚಹಾ ಕುಡಿಯಲು ಹೊರಟ.

ಅಂಗಡಿಯ ಮುಂದೆ ಗುಂಪು ಕೂಡಿತ್ತು. ಚಹಾ ಅಂಗಡಿಯವನು ಲೋಟ ಎತ್ತಿ ಹಿಡಿದು ಭಾಷಣ ಮಾಡುತ್ತಿದ್ದ. "ಹದಿನೆಂಟು ವರ್ಷ ಆಯ್ತು ನಾನು ಅಂಗಡಿ ಇಟ್ಟು. ಇವತ್ತು ಮೊದಲನೇ ಸಲ ನನ್ನ ಚಹಾ ಚಹಾದಂಗಿದೆ! ಅದೇ ಹಾಲು, ಅದೇ ಚಹಾಸೊಪ್ಪು. ಮೂರು ಜನ ಎರಡನೇ ಲೋಟ ಕೇಳಿದರು. ನನ್ನ ಅಂಗಡೀಲಿ ಎರಡನೇ ಲೋಟ ಯಾರಾದ್ರೂ ಕೇಳಿದ್ದುಂಟಾ?"

"ಇಲ್ಲ" ಎಂದು ಎಲ್ಲರೂ ಒಪ್ಪಿದರು.

"ನೀರುಗಂಟಿ ಬಂದ! ಏನಯ್ಯಾ, ಹೊಸ ಸೆಲೆ ಸಿಕ್ತಾ? ಎಲ್ಲಿ ಕೊರೆಸಿದ್ರು?"

ಇಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಹೌದು ಎಂದರೆ ಎಲ್ಲಿ ಎಂದು ಕೇಳುತ್ತಾರೆ. ನೀರುಗಂಟಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, "ನೀರು ಅಂದಮೇಲೆ ಒಂದೊಂದು ದಿನ ಒಂದೊಂದು ಥರ" ಎಂದ.

"ನೋಡಿದ್ರಾ, ಗುಟ್ಟು ಬಿಡ್ತಿಲ್ಲ. ಸೆಲೆ ಸಿಕ್ಕಿದೆ!" ಎಂದ ಚಹಾ ಅಂಗಡಿಯವನು. ಸುದ್ದಿ ಹುಟ್ಟಿತು. ಹುಟ್ಟಿದ ಮೇಲೆ ಅದು ತೆವಳಲಿಲ್ಲ, ನೇರ ಓಡಿತು.

ಮೂಲೆಯ ಬೆಂಚಿನಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರು ಕೂತಿದ್ದರು. ನೀರುಗಂಟಿಯ ಪಕ್ಕದ ಮನೆಯವರೇ. ಅವರು ಲೋಟವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಕಣ್ಣು ತೆರೆದು ಹೇಳಿದರು, "ವಾಸನೆ ಇಲ್ಲ ಅಂದ್ರೆ ಔಷಧಿ ಇಲ್ಲ. ಔಷಧಿ ಇಲ್ಲ ಅಂದ್ರೆ ಇದರಲ್ಲಿ ಕ್ರಿಮಿ ಇದೆ. ನೀವು ಚಹಾ ಕುಡೀತಾ ಇಲ್ಲ, ಕ್ರಿಮಿ ಕುಡೀತಾ ಇದ್ದೀರಿ."

"ಹಂಗಾದ್ರೆ ಕ್ರಿಮಿ ಚೆನ್ನಾಗಿದೆ ಮೇಷ್ಟ್ರೇ. ಇನ್ನೊಂದು ಲೋಟ ಕೊಡು" ಎಂದು ಯಾರೋ ನಕ್ಕರು.

ಮೇಷ್ಟ್ರು ನಗಲಿಲ್ಲ. ನೀರುಗಂಟಿಯ ಮುಖವನ್ನೇ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನೀರುಗಂಟಿ ತನ್ನ ಉಗುರುಗಳನ್ನು ಜೇಬಿನೊಳಗೆ ಇಳಿಸಿದ.

ಹನ್ನೊಂದು ಗಂಟೆಗೆ ಕೆಳಗಿನ ಬೀದಿಯವರು ಬಂದರು. ಮುಂದಾಳು ದರ್ಜಿ, ಕೊರಳಲ್ಲಿ ಅಳತೆಯ ಪಟ್ಟಿ ಹಾಗೆಯೇ ನೇತಾಡುತ್ತಿತ್ತು. ಹಿಂದೆ ಇಪ್ಪತ್ತು ಜನ, ಖಾಲಿ ಕೊಡಗಳು.

"ಮೇಲಿನ ಬೀದಿಗೆ ಸೆಲೆ ನೀರು, ನಮಗೆ ಔಷಧಿ ನೀರಾ? ನಾವೇನು ಮನುಷ್ಯರಲ್ವಾ?" ಎಂದು ದರ್ಜಿ ಕೂಗಿದ.

"ಎಲ್ಲಾ ಒಂದೇ ಟ್ಯಾಂಕಿಂದು ಕಣಪ್ಪ. ಸಂಜೆ ನಿಮಗೂ ಅದೇ ಬರುತ್ತೆ."

"ಬರುತ್ತೆ! ಇವರು ಬೆಳಗ್ಗೆ ಸಿಹಿಯನ್ನೆಲ್ಲ ಹಿಡ್ಕೊಂಡ ಮೇಲೆ ನಮಗೆ ಬರೋದು ಚರಟ!"

"ನೀರಿಗೆ ಎಲ್ಲಾದರೂ ಚರಟ ಇರುತ್ತಾ?"

"ಅದನ್ನ ಸಾಹೇಬರಿಗೇ ಕೇಳ್ತೀವಿ."

ಕೇಳಿದರು. ದರ್ಜಿ ಸಾಹೇಬರಿಗೆ ಫೋನು ಮಾಡಿ ಸೆಲೆ ನೀರು ಬೇಕೆಂದ. ಅರ್ಧ ಗಂಟೆಯ ಮೇಲೆ ಮೇಷ್ಟ್ರು ಫೋನು ಮಾಡಿ ಔಷಧಿ ನೀರು ಬೇಕೆಂದರು. ನೀರಿನ ಇಲಾಖೆಯ ಸಾಹೇಬರ ಇಡೀ ಕೆಲಸದ ಅವಧಿಯಲ್ಲಿ ಒಂದೇ ದಿನ, ಒಂದೇ ಟ್ಯಾಂಕಿನ ನೀರು ತುಂಬ ಚೆನ್ನಾಗಿದೆ ಎಂದೊಂದು, ತುಂಬ ಕೆಟ್ಟಿದೆ ಎಂದೊಂದು, ಎರಡು ದೂರು ಬಂದದ್ದು ಅದೇ ಮೊದಲು. ಅವರು ನೀರುಗಂಟಿಗೆ ಫೋನು ಮಾಡಿದರು.

"ಏನಯ್ಯಾ, ಪುಡಿ ಹಾಕಿದ್ದೀಯೋ ಇಲ್ವೋ?"

"ಪುಸ್ತಕದಲ್ಲಿ ಬರೆದಿದ್ದೀನಿ ಸಾರ್."

"ಪುಸ್ತಕ ನೀರು ಕುಡಿಯಲ್ಲ. ನಾಳೆ ಬೆಳಗ್ಗೆ ನಾನೇ ಬಂದು ಗಾಜಿನ ಕೊಳವೇಲಿ ನೀರು ಹಿಡಿದು ನೋಡ್ತೀನಿ. ಕಡಿಮೆ ಇತ್ತು ಅಂದ್ರೆ ಇಪ್ಪತ್ತಾರು ವರ್ಷ ಅಂತ ನೋಡಲ್ಲ."

ಆ ರಾತ್ರಿ ನೀರುಗಂಟಿಗೆ ಅನ್ನ ಸೇರಲಿಲ್ಲ. ಹೊಸ ತೊಟ್ಟಿಯಲ್ಲಿ ಹನ್ನೆರಡು ಮೀನು ನೀಲಿ ಕಿಡಿಗಳಂತೆ ಹಾರಾಡುತ್ತಿದ್ದವು. ಅವನು ಅತ್ತ ನೋಡಲಿಲ್ಲ.

ಭಾನುವಾರ ಬೆಳಗಿನ ಜಾವ ಬಕೆಟ್ಟಿನ ಮುಂದೆ ಕೂತು ಒಂದು ಡಬ್ಬಿ ಪುಡಿ ಅಳೆದ. ಆಮೇಲೆ ನಿನ್ನೆಯದು ಬಾಕಿಯಿದೆ ಎಂದು ನೆನಪಾಯಿತು. ನಿನ್ನೆ ತಪ್ಪಿದ ಊಟವನ್ನು ಇವತ್ತು ಸೇರಿಸಿ ಉಂಡರೆ ಸರಿಹೋಗುತ್ತದಲ್ಲ. ನೀರಿಗೂ ಹಾಗೆಯೇ ಎಂದು ಅವನ ಲೆಕ್ಕ. ಇನ್ನೊಂದು ಡಬ್ಬಿ ಹಾಕಿದ. ಎರಡನ್ನೂ ಕಲಸಿ, ಅರವತ್ತೆರಡು ಮೆಟ್ಟಿಲೇರಿ ಸುರಿದು, ಕೆಳಗಿಳಿದು ವಾಲ್ವು ತಿರುಗಿಸಿ, ಸಾಹೇಬರ ದಾರಿ ಕಾಯುತ್ತ ಅಲ್ಲೇ ನಿಂತ. ಮನೆಗೆ ಹೋಗಲಿಲ್ಲ. ಹೆಂಡತಿಗೆ ಒಂದು ಮಾತು ಹೇಳಿ ಕಳಿಸಬೇಕೆಂದೂ ತೋಚಲಿಲ್ಲ.

ಸಾಹೇಬರು ಏಳಕ್ಕೆ ಬಂದರು. ಎರಡೂ ಬೀದಿಯವರು ನೆರೆದಿದ್ದರು. ಸಾಹೇಬರು ಮೊದಲು ಪುಸ್ತಕ ತಿರುಗಿಸಿ ಶನಿವಾರದ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಗಾಜಿನ ಕೊಳವೆಗೆ ನಲ್ಲಿ ನೀರು ಹಿಡಿದು, ಸೀಸೆಯಿಂದ ಐದು ಹನಿ ಹಾಕಿ ಅಲ್ಲಾಡಿಸಿದರು. ಔಷಧಿ ಇದ್ದರೆ ನೀರು ಹಳದಿಯಾಗಬೇಕು. ಅದು ಹಳದಿಯಾಯಿತು, ಹಳದಿಯಲ್ಲಿ ನಿಲ್ಲದೆ ಕಿತ್ತಳೆಯಾಯಿತು, ಕಿತ್ತಳೆಯನ್ನೂ ದಾಟುವ ಹಾಗೆ ಕಂಡಿತು. ಸಾಹೇಬರು ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಯಾರಯ್ಯಾ ಔಷಧಿ ಇಲ್ಲ ಅಂದಿದ್ದು?"

ಮೇಷ್ಟ್ರು ಮುಂದೆ ಬಂದರು. "ನಿನ್ನೆ ಇರಲಿಲ್ಲ ಸಾರ್. ನನ್ನ ಮೂಗು..."

"ನಿಮ್ಮ ವಯಸ್ಸೆಷ್ಟು ಮೇಷ್ಟ್ರೇ?"

"ಎಪ್ಪತ್ತೊಂದು."

"ನೆಗಡಿ ಇತ್ತಾ?"

ಮೇಷ್ಟ್ರು ಯೋಚಿಸಿದರು. "ಮೊನ್ನೆ ಎರಡು ಸಲ ಸೀನಿದ್ದೆ" ಎಂದು ಒಪ್ಪಿಕೊಂಡರು.

"ಅಲ್ಲಿಗೆ ತೀರ್ತು" ಎಂದರು ಸಾಹೇಬರು. ನೀರುಗಂಟಿಯ ಕಡೆ ತಿರುಗಿ, "ಸ್ವಲ್ಪ ಜಾಸ್ತೀನೇ ಇದೆ, ನಾಳೆಯಿಂದ ಅಳತೆ ನೋಡಿ ಹಾಕು. ಆದರೂ ಕಡಿಮೆ ಹಾಕಿ ಕದಿಯೋರನ್ನ ನೋಡಿದ್ದೀನಿ, ಜಾಸ್ತಿ ಹಾಕೋನನ್ನ ಇವತ್ತೇ ನೋಡಿದ್ದು" ಎಂದು ಎಲ್ಲರೆದುರು ಅವನ ಹೆಗಲ ಮೇಲೆ ಕೈಯಿಟ್ಟರು. ಕೆಳಗಿನ ಬೀದಿಯವರಿಗೂ ಸಮಾಧಾನವಾಯಿತು. ಮೇಲಿನ ಬೀದಿಯ ನೀರೂ ಕೆಟ್ಟು ನಾರುತ್ತಿತ್ತಲ್ಲ. ಚಹಾ ಅಂಗಡಿಯವನೊಬ್ಬನೇ ತನ್ನ ಲೋಟವನ್ನು ಮೂಸಿ, "ಆಸ್ಪತ್ರೆ ಕಷಾಯ" ಎಂದು ರಸ್ತೆಗೆ ಚೆಲ್ಲಿದ.

ನೀರುಗಂಟಿ ಮನೆಯ ಕಡೆ ನಡೆದ. ಎರಡು ದಿನದ ಮೇಲೆ ಅವನ ಎದೆ ಹಗುರವಾಗಿತ್ತು. ಜೊತೆಗೆ ಮೇಷ್ಟ್ರೂ ನಡೆದು ಬಂದರು. "ತಪ್ಪು ತಿಳ್ಕೊಂಡೆ ಕಣಯ್ಯಾ. ಮನಸ್ಸಿಗೆ ಹಚ್ಕೋಬೇಡ" ಎಂದು ದಾರಿಯುದ್ದಕ್ಕೂ ಹೇಳಿದರು.

ಮನೆಯ ಮುಂದೆ ಷಡ್ಡಕನ ಮೋಟಾರು ಬೈಕು ನಿಂತಿತ್ತು.

ಅಡುಗೆಮನೆಯ ಬಾಗಿಲ ಪಕ್ಕ ಹೆಂಡತಿ ನೆಲದ ಮೇಲೆ ಕೂತಿದ್ದಳು. ಒಲೆಯ ಮೇಲೆ ಏನೋ ತಳ ಹತ್ತುತ್ತಿತ್ತು. ಅವಳ ಅಕ್ಕ ಎದ್ದು ಹೋಗಿ ಆರಿಸಿದಳು. ಗಾಜಿನ ತೊಟ್ಟಿಯಲ್ಲಿ ನೀರು ಅಂಚಿನವರೆಗೆ ತುಂಬಿತ್ತು. ಆರು ಚಿಕ್ಕ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮುದುಕಿ ತಳದ ಕಲ್ಲುಗಳ ಮೇಲೆ ಒಂದು ಮಗ್ಗುಲಾಗಿ ಬಿದ್ದಿತ್ತು. ಹರಿದ ರೆಕ್ಕೆ ಒಂದೆರಡು ಸಲ ಅಲ್ಲಾಡಿತು. ಆಮೇಲೆ ಅಲ್ಲಾಡಲಿಲ್ಲ.

ಪಕ್ಕದ ಮೇಜಿನ ಮೇಲೆ ಹೊಸ ತೊಟ್ಟಿಯಲ್ಲಿ ಹನ್ನೆರಡು ಮೀನು ಚೆನ್ನಾಗಿದ್ದವು.

"ನಾನೇ ಕೊಂದೆ" ಎಂದಳು ಹೆಂಡತಿ. ಅಕ್ಕನಿಗೋ ಗಂಡನಿಗೋ ಹೇಳಿದ್ದಲ್ಲ, ತೊಟ್ಟಿಗೆ ಹೇಳಿದಳು. "ನೀರು ಇಳಿದಿತ್ತು. ಅಕ್ಕ ಭಾವನ ಮುಂದೆ ತೊಟ್ಟಿ ಅರ್ಧ ಕಾಣಬಾರದು ಅಂತ. ಆರು ಗಂಟೆಗೇ ಮೊದಲ ನೀರು ಹಿಡಿದು ಮೂರು ಕೊಡ ಹಾಕಿದೆ."

"ಅಯ್ಯೋ ಹುಚ್ಚಿ!" ಎಂದಳು ಅಕ್ಕ. "ಮೂಗಿಗೆ ಬಡೀತಿದೆಯಲ್ಲೇ ವಾಸನೆ. ನಿನಗೆ ಗೊತ್ತಾಗಲಿಲ್ವಾ?"

"ಬಂತು. ಇವರ ಅಂಗಿ ಅಲ್ಲೇ ನೆನೆಸಿಟ್ಟಿತ್ತು. ಅದರದ್ದೇ ಅಂದ್ಕೊಂಡೆ."

ಷಡ್ಡಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಪಾಠ ಹೇಳುವವನ ದನಿಯಲ್ಲಿ ಶುರುಮಾಡಿದ. "ನೋಡಮ್ಮ, ನಲ್ಲಿ ನೀರಲ್ಲಿ ಕ್ಲೋರಿನ್ ಅಂತ ಒಂದಿರುತ್ತೆ. ಅದು ಮೀನಿಗೆ ಆಗಲ್ಲ. ಇದು ಮೀನು ಸಾಕೋರಿಗೆ ಮೊದಲ ಪಾಠ. ನೀರುಗಂಟಿ ಹೆಂಡತಿಯಾಗಿ ನಿನಗೆ ಇಷ್ಟು ತಿಳೀದೆ ಹೋಯ್ತಲ್ಲ! ಇರಲಿ ಬಿಡು. ಆ ಹೊಸ ಹನ್ನೆರಡು ಇದಾವಲ್ಲ, ಅವು ಸೊಗಸಾಗಿವೆ. ಏನಪ್ಪಾ ತಮ್ಮ, ಎಲ್ಲಿ ತಂದೆ?"

ಎರಡು ದಿನದಿಂದ ಯಾವ ಹೊಗಳಿಕೆಗೆ ಕಾದಿದ್ದನೋ ಅದು ಬಂದಿತ್ತು. ನೀರುಗಂಟಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅವಳು ಕೊಂದಿದ್ದಲ್ಲ" ಎಂದ. "ನಾನು. ನಿನ್ನೆ ನಾನು ಟ್ಯಾಂಕಿಗೆ ಪುಡೀನೇ ಹಾಕಿರಲಿಲ್ಲ. ಈ ಹೊಸ ಮೀನಿಗೋಸ್ಕರ. ಮೊದಲ ನೀರಲ್ಲಿ ಔಷಧಿ ಇರಲ್ಲ ಅಂತ ಅವಳಿಗೆ ಸುಳ್ಳು ಹೇಳಿದೆ. ಇವತ್ತು ಹೆದರಿಕೊಂಡು ಎರಡು ಡಬ್ಬಿ ಹಾಕಿದೆ. ಪುಸ್ತಕದಲ್ಲಿ ಬರೆದಿದ್ದೂ ಸುಳ್ಳು."

ಹೊಸ್ತಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವರು ಒಂದು ಫೋನು ಮಾಡಿದರೆ ಸಾಕು, ನಾಳೆಯಿಂದ ವಾಲ್ವು ತಿರುಗಿಸಲು ಬೇರೆಯವನು.

ಮೇಷ್ಟ್ರು ಒಳಗೆ ಬಂದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಎಂಥಾ ಮನುಷ್ಯನಯ್ಯಾ ನೀನು" ಎಂದರು. "ಹೆಂಡತಿ ನೊಂದುಕೋಬಾರದು ಅಂತ ಕೆಲಸ ಹೋಗೋ ಮಾತು ತಲೆ ಮೇಲೆ ಹಾಕ್ಕೊಳ್ತಾ ಇದ್ದೀಯಲ್ಲ!"

"ಇಲ್ಲ ಮೇಷ್ಟ್ರೇ, ನಿಜವಾಗಲೂ. ನೀವೇ ಹೇಳಿದ್ರಲ್ಲ ನಿನ್ನೆ, ವಾಸನೆ ಇಲ್ಲ ಅಂತ."

"ನನಗೆ ನೆಗಡಿ ಇತ್ತು!" ಎಂದು ಮೇಷ್ಟ್ರು ಗದರಿದರು. "ಸಾಹೇಬರು ಪುಸ್ತಕ ನೋಡಿಲ್ವಾ? ಕೊಳವೆ ಹಿಡಿದು ನೋಡಿಲ್ವಾ? ಸುಳ್ಳು ಹೇಳೋಕೂ ಒಂದು ಮಿತಿ ಬೇಕು. ಒಳ್ಳೆಯದಕ್ಕೆ ಹೇಳಿದರೂ ಅಷ್ಟೇ."

"ಕೇಳಿಸ್ಕೊಂಡ್ರಾ?" ಎಂದು ಅಕ್ಕ ತನ್ನ ಗಂಡನ ಕಡೆ ತಿರುಗಿದಳು. "ಗಂಡ ಅಂದ್ರೆ ಹಂಗಿರಬೇಕು. ನೀವೂ ಇದ್ದೀರಿ, ಹೋದ ತಿಂಗಳು ಅಕ್ವೇರಿಯಂ ಗಾಜು ನೀವೇ ಒಡೆದು, ತಪ್ಪು ಬೆಕ್ಕಿನ ಮೇಲೆ ಹಾಕಿ, ಮನೇಲಿ ಬೆಕ್ಕೇ ಇಲ್ಲ ಅಂತ ಗೊತ್ತಾದ ಮೇಲೆ ನನ್ನ ಮೇಲೆ ಹಾಕಿದ್ರಿ."

ಷಡ್ಡಕ ಕೆಮ್ಮಿದ. "ಈಗ ಅದೆಲ್ಲ ಯಾಕೆ?" ಎಂದ.

ನೀರುಗಂಟಿ ಇನ್ನೂ ಎರಡು ಸಲ ಹೇಳಿದ. ಹೇಳಿದಷ್ಟೂ ಅವನ ಬೆಲೆ ಏರಿತು. ಮೂರನೆಯ ಸಲಕ್ಕೆ ಮೇಷ್ಟ್ರು ಅವನ ಕೈ ಹಿಡಿದುಕೊಂಡು, "ಸಾಕು ಬಿಡಯ್ಯಾ, ನಮಗೆ ಅರ್ಥ ಆಯ್ತು" ಎಂದರು. ಇಪ್ಪತ್ತಾರು ವರ್ಷದಲ್ಲಿ ಅವನು ಹೇಳಿದ ಸುಳ್ಳು ಒಂದೆರಡು ಇರಬಹುದು. ಅವನ್ನೆಲ್ಲ ನಂಬಿದ ಜನ, ನಿಜ ಹೇಳಿದ ದಿನ ಒಳ್ಳೆಯವನೆಂದು ಹೊಗಳಿ ಅವನ ಬಾಯಿ ಮುಚ್ಚಿಸಿದರು.

ಹೆಂಡತಿ ಮಾತ್ರ ತಲೆಯೆತ್ತಿ ಒಮ್ಮೆ ಗಂಡನ ಮುಖ ನೋಡಿದಳು. ಎದ್ದು, ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಂದವರಿಗೆ ತಟ್ಟೆ ಹಾಕಿದಳು. ಎಲ್ಲರೂ ಉಂಡರು. ಅಕ್ಕ, ಕಂಬಳಿ ಮಡಿ ಮಾಡಿಟ್ಟಿದ್ದಾಳೆಂದು ತಂಗಿಯನ್ನು ಹೊಗಳಿದಳು.

ಬಿಸಿಲಿಳಿದು ಅವರು ಹೊರಟ ಮೇಲೆ ನೀರುಗಂಟಿ ಹಿತ್ತಲಲ್ಲಿ ಗುದ್ದಲಿಯಿಂದ ಒಂದು ಚಿಕ್ಕ ಗುಣಿ ತೋಡಿದ. ಹೆಂಡತಿ ಮುದುಕಿಯನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ ತಂದಳು. ಇಟ್ಟಳು. ಅವನು ಮಣ್ಣೆಳೆದ.

"ಎಷ್ಟು ಡಬ್ಬಿ ಅಂದ್ರಿ?" ಎಂದಳು.

"ಎರಡು."

"ನಿನ್ನೆ ಒಂದೂ ಇಲ್ಲ."

"ಒಂದೂ ಇಲ್ಲ."

ಅವಳು ಕಾಲಿನಿಂದ ಮಣ್ಣನ್ನು ಮೆಲ್ಲಗೆ ಒತ್ತಿದಳು. "ಅವರು ಯಾರೂ ನಂಬಲಿಲ್ಲ ನೀವು ಹೇಳಿದ್ದು."

"ನೀನು?"

"ನಾನು ನಂಬಿದೆ. ನಿನ್ನೆ ಹೇಳಿದ್ದನ್ನೂ ನಂಬಿದ್ದೆ" ಎಂದಳು. "ವಾಸನೆ ಬಂತು ರೀ. ಚೆನ್ನಾಗೇ ಬಂತು. ಕೊಡ ಕೆಳಗಿಟ್ಟು ಒಂದು ಗಳಿಗೆ ನಿಂತೆ. ಆಮೇಲೆ ನಿಮಗಿಂತ ನನ್ನ ಮೂಗಿಗೆ ಹೆಚ್ಚು ಗೊತ್ತಾ ಅಂದ್ಕೊಂಡು ಹಾಕಿದೆ."

ಅವಳು ಕೈ ತೊಳೆಯಲು ಒಳಗೆ ಹೋದಳು. ನೀರುಗಂಟಿ ಗುದ್ದಲಿ ಹಿಡಿದುಕೊಂಡು ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದ. ಇಂಥ ಮಾತಿಗಿಂತ ಬೈಗುಳ ಎಷ್ಟೋ ಮೇಲು.

ಸೋಮವಾರ ಬೆಳಗ್ಗೆ ಅವನು ಪುಡಿಯನ್ನು ಎರಡು ಸಲ ಅಳೆದ. ಸರಿಯಾಗಿ ಒಂದು ಡಬ್ಬಿ. ವಾಲ್ವು ತಿರುಗಿಸಿ ಅರ್ಧ ಗಂಟೆ ಬಿಟ್ಟು, ಸಾಹೇಬರು ಬಿಟ್ಟುಹೋಗಿದ್ದ ಕೊಳವೆ, ಹನಿಯ ಸೀಸೆ ಹಿಡಿದು ತನ್ನ ಮನೆಯ ನಲ್ಲಿಗೇ ಬಂದ. ಮೇಲಿನ ಬೀದಿಯ ಕೊನೆಯ ನಲ್ಲಿ ಅದು. ಹೆಂಡತಿಯ ಕೊಡ ತುಂಬುತ್ತಿತ್ತು. ಅವನು ಕೊಳವೆಗೆ ನೀರು ಹಿಡಿದು ಹನಿ ಹಾಕಿ ಅಲ್ಲಾಡಿಸಿದ. ಎಷ್ಟು ಹಳದಿಯಾಗಬೇಕೋ ಅಷ್ಟೇ ಹಳದಿ.

"ನೋಡು, ಸರಿಯಾಗಿದೆ" ಎಂದು ಕೊಳವೆಯನ್ನು ಅವಳ ಮುಂದೆ ಹಿಡಿದ. "ಒಂದೇ ಡಬ್ಬಿ. ತಗೊಂಡು ಹೋಗು."

"ಇರಿ" ಎಂದಳು ಅವಳು.

ಕೊಳವೆಯ ಕಡೆ ನೋಡಲಿಲ್ಲ. ನಲ್ಲಿ ನಿಲ್ಲಿಸಿ, ಬಗ್ಗಿ, ಕೊಡದ ಬಾಯಿಗೆ ಮೂಗಿಟ್ಟು, ನಿಧಾನವಾಗಿ ಮೂಸಿದಳು. ಆಮೇಲೆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.